ಇನ್ನೂರ ಹನ್ನೆರಡನೆಯ ಪುಟ

ಈಸ್ಟರ್ ಬಂತೆಂದರೆ ನಮ್ಮ ನಾರ್ವೆಯಲ್ಲಿ ಕೊಲೆಗಳ ಸುಗ್ಗಿ.
ಹಾಲಿನ ಪೊಟ್ಟಣದ ಬೆನ್ನಿಗೂ ಒಂದು ಹೆಣ, ಮೂವರು ಶಂಕಿತರು;
ಬೆಳಗಿನ ಗಂಜಿಗೆ ಹಾಲು ಸುರಿಯುತ್ತ
ಮಕ್ಕಳು ಪತ್ತೆ ಹಚ್ಚುತ್ತಾರೆ.
ಹಿಮಗುಡ್ಡದ ಮರದ ಗುಡಿಸಲಲ್ಲಿ ಒಲೆ, ಕಿತ್ತಳೆ, ಚಾಕಲೇಟು,
ಮೊಣಕಾಲ ಮೇಲೊಂದು ದಪ್ಪ ಪುಸ್ತಕ.
ಯಾರನ್ನೂ ದೂರುತ್ತಿಲ್ಲ. ನಾನೂ ಹಾಗೇ ಕೂತಿದ್ದೆ
ಏಳು ವರ್ಷದ ಹಿಂದೆ, ಶುಭ ಶುಕ್ರವಾರದ ಮಧ್ಯಾಹ್ನ,
ಇನ್ನೂರ ಹನ್ನೆರಡನೆಯ ಪುಟದಲ್ಲಿ
ಮೂರನೆಯ ಹೆಣ ಬೀಳುವುದನ್ನೇ ಕಾಯುತ್ತ,
ಫೋನು ಬಂದಾಗ.

ಪುಟದ ಕಿವಿ ಮಡಿಚಿಟ್ಟು ಎದ್ದೆ.
ಅದು ನೆನಪಿದೆ. ಅಷ್ಟು ಅಚ್ಚುಕಟ್ಟಾಗಿ ಯಾಕೆ ಮಡಿಚಿದೆನೆಂದು
ಪೊಲೀಸರೂ ಕೇಳಲಿಲ್ಲ.

ಪತ್ರಿಕೆ ತಂಗಿಯ ಹೆಸರೆತ್ತಲಿಲ್ಲ.
ಮೂವತ್ತರ ಆಸುಪಾಸಿನ ಮಹಿಳೆ, ಎಂದಿತು;
ಅಮ್ಮ ಹೂಂ ಅನ್ನುವವರೆಗೆ ನಾಲ್ಕು ದಿನ ಹಾಗೇ ಎಂದಿತು.
ಯಾವ ಫೋಟೋ ಹಾಕಲಿ ಎಂದು ಕೇಳಿದರು:
ಮದುವೆಯದೋ, ದೋಣಿಯದೋ?
ದೋಣಿಯದು, ಎಂದಳು ಅಮ್ಮ,
ಮೀನಿನ ಹುರುಪೆ ಮೆತ್ತಿದ ಕೈ ಕತ್ತರಿಸಬೇಡಿ.
ಆ ಸಂಕೋಚ ಕಂಡು ಆಗ ನನಗೆ ಸಿಟ್ಟು.
ಹೆಸರೇ ಇಲ್ಲದವಳು ಸಾಯುವುದಾದರೂ ಹೇಗೆ ಎಂದು ಅರಚಿದ್ದೆ.

ಈಗ ಎಲ್ಲರಿಗೂ ಗೊತ್ತು ಸಿನ್ನೋವೆ.
ಎಂಟು ಕಂತು. ಪಿಟೀಲಿನ ಒಂದೇ ತಂತಿಯ ಕೊರೆತ,
ಹಿನ್ನೆಲೆಗೆ ಅಲೆಗಳು
(ನಮ್ಮವಲ್ಲ, ಯಾವುದೋ ಬೆಚ್ಚನೆಯ ಕಡಲಿನವು,
ಗ್ರೋಸುಂಡಿನ ಕಿವಿಗೆ ಅದು ತಿಳಿಯುತ್ತದೆ).
ಓಸ್ಲೋದಿಂದ ಬಂದಿದ್ದಳು ಐರಿನ್ ಎಂಬ ಹುಡುಗಿ,
ಏಲಕ್ಕಿ ಬನ್ನು ತಂದಿದ್ದಳು,
ಒಳ್ಳೆಯವಳು, ಅತ್ತದ್ದೂ ಸುಳ್ಳಲ್ಲ.
ಅಡುಗೆಮನೆಯಲ್ಲಿನ್ನೂ ಕಾಫಿಯ ಪರಿಮಳವಿತ್ತು
ಎನ್ನುತ್ತಾಳೆ ಮೊದಲ ಕಂತಿನಲ್ಲಿ, ಪಿಸುದನಿಯಲ್ಲಿ.
ಇರಲಿಲ್ಲ.
ಕಾಫಿ ಮುಗಿದಿತ್ತು. ತರಲೆಂದೇ ಹೊರಟದ್ದು ಅವಳು.
ತಿದ್ದಲೆಂದು ಪತ್ರ ಬರೆದೆ, ಹರಿದೆ.
ತಿದ್ದಿದರೆ ಅದೂ ಒಂದು ಕಂತು.

ಅಮ್ಮ ಬಾಯ್ತಪ್ಪಿ ಕೈಗವಸಿನ ಮಾತೆತ್ತಿದ್ದಳು:
ಒಂದೇ ಹೆಣೆದಿದ್ದಳು, ಎಡಗೈಯದು.
ಬೆರ್ಗೆನ್ನಿನ ಹೆಂಗಸರು ಈಗ ಕಂತು ಕೇಳುತ್ತ
ಅದೇ ನಮೂನೆ ಹೆಣೆಯುತ್ತಾರಂತೆ,
ಎರಡೂ ಕೈಗೆ.

ನಾಲ್ಕನೆಯ ಕಂತಿನ ಕೊನೆಗೆ ಒಂದು ನಿಟ್ಟುಸಿರು, ಒಂದು ಪ್ರಶ್ನೆ:
ಆ ಮಧ್ಯಾಹ್ನ ಫೆರಿ ನಡೆಸುವ ಓಡ್‌ವಾರ್ ಎಲ್ಲಿದ್ದ?
ಬರಿಯ ಪ್ರಶ್ನೆ. ಕೇಳುವುದು ತಪ್ಪೇ?
ಓಡ್‌ವಾರ್ ಆಸ್ಪತ್ರೆಯಲ್ಲಿ ಹೆಂಡತಿಯ ಕೈ ಹಿಡಿದು ಕೂತಿದ್ದ.
ಪೊಲೀಸರಿಗೆ ಗೊತ್ತಿತ್ತು, ನರ್ಸಿಗೆ ಗೊತ್ತಿತ್ತು.
ಅವನ ಕಿಟಕಿಗೆ ಬಿದ್ದ ಕಲ್ಲಿಗೆ ಗೊತ್ತಿರಲಿಲ್ಲ.

ಉರಿಯುವ ಮನೆಯ ಗಳ ಹಿರಿಯುವವರು ಇವರು, ಎಂದೆ.
ಅಮ್ಮ ಪಾತ್ರೆ ಒರೆಸುತ್ತಿದ್ದವಳು ತಿರುಗಲಿಲ್ಲ:
ಹಿರಿಯಲಿ ಬಿಡು. ಗಳಕ್ಕಾಗಿಯಾದರೂ
ಯಾರೋ ಒಬ್ಬರು ಒಳಗೆ ಹೋದರಲ್ಲ.
ಕಡತ ಮುಚ್ಚಿ ಐದು ವರ್ಷ.
ಕೇಳಿದವರಲ್ಲಿ ಒಬ್ಬನಾದರೂ ಬಾಯಿ ಬಿಟ್ಟರೆ?

ನನ್ನಲ್ಲಿ ಉತ್ತರವಿರಲಿಲ್ಲ. ಇವತ್ತೂ ಇಲ್ಲ.

ಈ ಈಸ್ಟರಿಗೆ ತಿರಿಲ್‌ಗೆ ಹನ್ನೊಂದು. ತಾಯಿಯದೇ ಗದ್ದ.
ಶಾಲೆಯ ಬಸ್ಸಿನಲ್ಲಿ ಯಾರೋ ಇಯರ್‌ಫೋನಿನ ಒಂದು ತುದಿ ನೀಡಿ
"ನಿನ್ನಮ್ಮ. ಬೇಕಾ?" ಎಂದರಂತೆ.
ಬೇಡವೆಂದಳೋ ಕಿವಿಗಿಟ್ಟಳೋ
ನಾನು ಕೇಳಿಲ್ಲ.

ಗುರುವಾರ ಕಪಾಟಿನಿಂದ ತಾನಾಗಿ ಇಳಿಸಿಕೊಂಡಳು ಆ ದಪ್ಪ ಪುಸ್ತಕ.
ಮಡಿಚಿದ ಕಿವಿಯನ್ನು ಹೆಬ್ಬೆರಳಿನಿಂದ ನೀವಿ ನೇರ ಮಾಡಿದಳು.
ಎರಡು ದಿನ ಒಲೆಯ ಪಕ್ಕದಿಂದ ಕದಲಲಿಲ್ಲ.
ಈಗಷ್ಟೇ ಮುಗಿಸಿ, ಕಾಲು ಚಾಚಿ, ನನ್ನತ್ತ ಹೊರಳಿ:
"ದೊಡ್ಡಮ್ಮ, ಯಾರು ಅಂತ ನಿಂಗೆ ಗೊತ್ತೇ ಇಲ್ವಾ?
ಹೇಳ್ಲಾ?"

ಚಾವಣಿಯ ಹಿಮ ಒಂದೇ ಸಲಕ್ಕೆ ಜಾರಿ ಬಿತ್ತು ಹೊರಗೆ.
ನಾನು ಕಿತ್ತಳೆ ಸುಲಿಯುತ್ತಿದ್ದೆ,
ಬಿಳಿ ನಾರು ಒಂದೊಂದೇ ಬಿಡಿಸುತ್ತ,
ಅವಳಮ್ಮನಿಗೆ ಸೇರುತ್ತಿದ್ದ ಹಾಗೆ.
ಒಂದು ತೊಳೆ ಕೈಗಿಟ್ಟೆ.
ಮೊದಲು ತಿನ್ನು, ಅಂದೆ.